ಊದುವ ಮೊದಲು ಕಾಲುಂಗುರ

ಹಾವು ಕಚ್ಚಿದವರು ಅಲ್ಲಾಡಬಾರದಂತೆ. ಹೇಳುವುದು ಸುಲಭ. ಊಟಕ್ಕೆ ಕೂತರೂ ನಡುವೆ ಎರಡು ಸಲ ಎದ್ದು ಗ್ಯಾಸ್ ಆಫ್ ಆಗಿದೆಯಾ ನೋಡಿಬರುವವಳು ನಾನು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ನಮ್ಮತ್ತೆ ಬೈಯುವುದು ಸುಮ್ಮನೆ ಅಲ್ಲ.

ಕೆಂಗೇರಿಯ ನಮ್ಮ ಮನೆಯ ಪಕ್ಕ ಒಂದು ಖಾಲಿ ಸೈಟಿದೆ, ತುಂಬ ಪಾರ್ಥೇನಿಯಂ. ಬೆಳಗ್ಗೆ ಕಾಂಪೌಂಡಿನ ಬಳಿ ಬಟ್ಟೆ ಒಣಹಾಕುತ್ತಿದ್ದೆ. ಕೆಳಗೆ ಬಿದ್ದ ಕ್ಲಿಪ್ಪಿಗೆ ಬಗ್ಗಿದ್ದೇ ತಡ, ಎಡಪಾದಕ್ಕೆ ಕೆಂಡ ಒತ್ತಿದಂತಾಯಿತು. ಕೊಳಕುಮಂಡಲ. ಅದು ಅವಸರವಿಲ್ಲದೆ ಕಳೆಯೊಳಗೆ ಹೋಯಿತು. ನನ್ನ ಕಿರುಚಾಟಕ್ಕೆ ಓಡಿಬಂದ ಅತ್ತೆ ಹೆಗಲು ಒತ್ತಿ ಅಲ್ಲೇ ಕೂರಿಸಿ ಆಂಬುಲೆನ್ಸಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ನಡೆಸಬೇಡಿ. ದಾರ, ಬಟ್ಟೆ ಏನೂ ಬಿಗಿದು ಕಟ್ಟಬೇಡಿ, ಕುಯ್ಯಬೇಡಿ," ಅಂದಳು ಆ ಕಡೆಯ ಹುಡುಗಿ. "ಕಾಲಲ್ಲಿ ಉಂಗುರ, ಗೆಜ್ಜೆ ಇದ್ರೆ ಈಗ್ಲೇ ತೆಗೀರಿ. ಊದ್ಕೊಂಡ್ರೆ ಬೆರಳಿಗೆ ರಕ್ತ ಹೋಗಲ್ಲ."

ಅತ್ತೆ ಎಂದರೆ ಗ್ರಹಣದ ದಿನ ವಾಟರ್ ಟ್ಯಾಂಕಿಗೂ ದರ್ಭೆ ಹಾಕುವವರು. ನಾನೋ ಅದಕ್ಕೆಲ್ಲ ನಗುವವಳು. ಆದರೆ ಕಾಲುಂಗುರಕ್ಕೆ ಕೈ ಹಾಕಿದವರು ಅವರು, ಕಾಲು ಹಿಂದಕ್ಕೆ ಎಳೆದುಕೊಂಡವಳು ನಾನು.

"ಬೇಡ ಅತ್ತೆ. ನಿಮ್ಮ ಮಗ ಫೋನ್ ಎತ್ತಲಿ, ಆಮೇಲೆ."

ನನ್ನ ಗಂಡ ಆಗ ಬೈಕಿನಲ್ಲಿ ಪೀಣ್ಯದ ಕಡೆ ಹೋಗುತ್ತಿದ್ದರು. ರಿಂಗ್ ರೋಡು, ಲಾರಿಗಳು. ಒಂದರ ಹಿಂದೆ ಒಂದು ಕಾಲ್ ಮಾಡಿದೆ, ಎತ್ತಲಿಲ್ಲ. ಈ ಗಳಿಗೆಯಲ್ಲಿ ಉಂಗುರ ತೆಗೆದರೆ ಅವರಿಗೇನಾದರೂ ಆದೀತೆಂಬ ಹೆದರಿಕೆ. ಬಲಗಾಲಿನದು ಇದ್ದೇ ಇರುತ್ತದಲ್ಲ ಎಂಬುದು ತಲೆಗೆ ಹೊಳೆಯಲಿಲ್ಲ. ಪಾದ ಊದುತ್ತಿತ್ತು. ಬೆಳ್ಳಿ ಮಾಂಸದೊಳಗೆ ಇಳಿಯುತ್ತಿತ್ತು, ಬೆರಳು ನೀಲಿಗೆ ತಿರುಗುತ್ತಿತ್ತು. ನಾನು ಮತ್ತೆ ಮತ್ತೆ ಏಳಲು ಹೋಗುತ್ತಿದ್ದೆ, ಎಲ್ಲಿಗೆ ಎಂದು ನನಗೇ ಗೊತ್ತಿರಲಿಲ್ಲ.

ಅತ್ತೆ ಒಳಗಿನಿಂದ ಕೊಬ್ಬರಿ ಎಣ್ಣೆ ತಂದು ನನ್ನೆದುರು ಕೂತರು.

"ನಿಮ್ಮಾವ ಹೋಗಿದ್ದು ನಾನು ಉಂಗುರ ತೆಗೆದಿದ್ದಕ್ಕಲ್ಲ ಕಣೇ. ಹಾಕ್ಕೊಂಡೇ ಆಸ್ಪತ್ರೆ ಬಾಗ್ಲಲ್ಲಿ ಕೂತಿದ್ದೆ. ಆದ್ರೂ ಹೋದ್ರು."

ನಾನು ಕಾಲು ಚಾಚಿದೆ. ಎಣ್ಣೆ ಸವರಿ ತಿರುಗಿಸಿ ತಿರುಗಿಸಿ ಎಳೆದರು. ಉಂಗುರ ಒಂದಿಷ್ಟು ಚರ್ಮ ಕಿತ್ತುಕೊಂಡೇ ಬಂತು. ನಾನು ನೋವಿಗೆ ಅತ್ತುಬಿಟ್ಟೆ. ಅವರೂ ಅಳುತ್ತಿದ್ದರು. ಅಷ್ಟರಲ್ಲಿ ಆಂಬುಲೆನ್ಸ್ ಬಂತು.

ಆಸ್ಪತ್ರೆಯಲ್ಲಿ ವಿಷಕ್ಕೆ ಇಂಜೆಕ್ಷನ್ ಏರಿಸಿದರು. ಉಂಗುರವನ್ನು ಇನ್ನೂ ಸ್ವಲ್ಪ ಹೊತ್ತು ಬಿಟ್ಟಿದ್ದರೆ ಬೆರಳು ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ನನ್ನ ಗಂಡ ಹೆಲ್ಮೆಟ್ ಹಿಡಿದು ನಿಂತಿದ್ದರು. ಗಾಡಿ ಸದ್ದಿನಲ್ಲಿ ಫೋನ್ ಕೇಳಿಸಲೇ ಇಲ್ಲವಂತೆ. ನಾನು ಅವರ ಕೈಕಾಲು ನೆಟ್ಟಗಿವೆಯಾ ಎಂದು ನೋಡಿದೆ. ಅವರು ನನ್ನ ಊದಿದ, ಉಂಗುರವಿಲ್ಲದ ಕಾಲನ್ನೇ ನೋಡುತ್ತಾ ಬಿಳಚಿಕೊಂಡರು.

"ಏನೋ ಹಾಗ್ ನೋಡ್ತೀಯ?" ಅಂದರು ಅತ್ತೆ. "ಬದುಕಿದೀಯಲ್ಲ?"