ಕಾಗದಕ್ಕೆ ಹತ್ತಿದ ಬಾದಾಮಿ ಎಣ್ಣೆ

ಬಾದಾಮಿ ಕೊಳ್ಳುವಾಗ ಕಣ್ಣನ್ನು ನಂಬಬೇಡಿ. ಉದ್ದಗೆ, ಚಪ್ಪಟೆಯಾಗಿ, ನೋಡಲು ಚೆಂದ ಇರುವ ಅಮೆರಿಕದ ಬಾದಾಮಿ ತಿನ್ನಲು ಸಿಹಿ, ಎಣ್ಣೆ ಮಾತ್ರ ಕಡಿಮೆ. ಸಣ್ಣಗೆ, ಸೊಟ್ಟಗೆ ಸುಕ್ಕುಗಟ್ಟಿದ ಮಾಮ್ರಾ ಬಾದಾಮಿಯಲ್ಲಿ ಎಣ್ಣೆ ಹೆಚ್ಚು. ಎರಡನ್ನೂ ಹಳೆಯ ಕಾಗದದಲ್ಲಿಟ್ಟು ಜಜ್ಜಿ, ಬಿಸಿಲಿಗೆ ಹಿಡಿದು ನೋಡಿ. ಯಾವುದರ ಜಿಡ್ಡು ಅಗಲವಾಗಿ ಹರಡಿತೋ ಅದನ್ನು ಕೊಳ್ಳಿ.

ಇದನ್ನು ಕಲಿಸಿದವಳು ಅವ್ವ. ಕಲಘಟಗಿ ಸಂತೆಯಲ್ಲಿ ಗೋಣಿತಟ್ಟು ಹಾಸಿ, ಬಾಣಂತಿಯರಿಗೆ ಬೇಕಾದ ಕೊಬ್ಬರಿ, ಉತ್ತತ್ತಿ, ಬಾದಾಮಿ ಮಾರುತ್ತಿದ್ದಳು. ಅವಳ ಪಕ್ಕದಲ್ಲಿ ಕೂತೇ ನಾನು ಚೌಕಾಸಿ ಕಲಿತೆ. ಎಂಬತ್ತರ ದಶಕದಲ್ಲಿ ಅದೇ ಊರಲ್ಲಿ ಸ್ವಂತ ಅಂಗಡಿ ಹಾಕಿದೆ. ಆ ಹೊತ್ತಿಗೇ ಅವ್ವನಿಗೆ ಮರೆವು ಹತ್ತಿತು. ಮೊದಲು ಒಲೆಯ ಮೇಲಿನ ಹಾಲು ಮರೆತಳು, ಆಮೇಲೆ ಸೊಸೆಯನ್ನು. ನನ್ನನ್ನಿನ್ನೂ ಗುರುತಿಸುತ್ತಿದ್ದಳು. ಅದೊಂದು ಉಳಿದರೆ ಸಾಕಿತ್ತು.

ಎಣ್ಣೆಯುಳ್ಳ ಬಾದಾಮಿ ತೇದು ಹಾಲಿನಲ್ಲಿ ಕೊಟ್ಟರೆ ನೆನಪು ನಿಲ್ಲುತ್ತದೆಂದು ನಮ್ಮ ಕಡೆ ನಂಬಿಕೆ. ನಾನು ಕೊಟ್ಟದ್ದು ಅಂಗಡಿಯಲ್ಲಿ ಮಾರದೆ ಉಳಿದ ಅಮೆರಿಕದ ಚೂರು. ಹೆಂಡತಿ ಸಾಣೆಕಲ್ಲು ತಂದು ತೋರಿಸಿದಳು.

"ಜಿಡ್ಡ ಬಿಡವಲ್ತು ನೋಡ್ರಿ ಇದು. ನಿಮ್ಮನ್ನ ಹಡದಾಕಿಗೆ ಚೂರು ಕೊಡ್ತೀರೇನ್ರಿ?"

ದೀಪಾವಳಿ ಕಳೆಯಲಿ, ಮಾಮ್ರಾ ದರ ಇಳಿಯುತ್ತದೆ, ಆಗ ತರುತ್ತೇನೆಂದೆ. ಮನೆಯವರ ಔಷಧಕ್ಕೆ ದರ ನೋಡುತ್ತ ಕೂಡಬೇಡಿ. ಇದೂ ನನ್ನ ಸಲಹೆಯೇ.

ದರ ಇಳಿಯಿತು. ಒಂದು ಮಧ್ಯಾಹ್ನ ಮಾಮ್ರಾ ಪೊಟ್ಟಣ ಹಿಡಿದು ಹುಬ್ಬಳ್ಳಿ ಬಸ್ಸಿನಿಂದಿಳಿದು ಮನೆಗೆ ಬಂದೆ. ಅವ್ವ ಕಟ್ಟೆಯ ಮೇಲೆ ಕೂತಿದ್ದಳು.

"ಯಾವೂರವ್ರೀ ನೀವು?"

"ಯವ್ವಾ, ನಾ ಬೇ. ನಿನ್ನ ಮಗಾ."

"ಯವ್ವಾ ಅಂದು ಮಾರಾಕ ಬಂದೀರೇನು? ಮೊದ್ಲ ಮಾಲ ತೋರಸ್ರಿ."

ಪೊಟ್ಟಣ ಬಿಚ್ಚಿದೆ. ಅವ್ವ ಒಂದನ್ನು ಆರಿಸಿ, ಕಾಗದದ ತುದಿಯಲ್ಲಿ ಮಡಚಿ, ಕಲ್ಲಿನಿಂದ ಜಜ್ಜಿ ಬಿಸಿಲಿಗೆ ಹಿಡಿದಳು. ಜಿಡ್ಡು ರೂಪಾಯಿಯಗಲ ಹರಡಿತು. ಅವಳ ಕೈ ಏನನ್ನೂ ಮರೆತಿರಲಿಲ್ಲ.

"ಎಣ್ಣಿ ಅಗದಿ ಚಲೋ ಐತಿ. ಖರೆ ನಾ ತಗೊಳ್ಳಂಗಿಲ್ರಿ. ನನ್ನ ಮಗಾ ಬರ್ಲಿ. ಬಾಳ ಶಾಣ್ಯಾ ಅದಾನ, ನಿಮ್ಮಂಥವ್ರ ಆಟ ಅವನ ಮುಂದ ನಡಿಯೂದಿಲ್ಲ."

"ಎಲ್ಲಿಗೆ ಹೋಗ್ಯಾನ?"

"ಹುಬ್ಬಳ್ಳಿಗಿ. ನನಗ ಬಾದಾಮಿ ತರಾಕ. ಕೂಡ್ರಿ, ಈಗ ಬರ್ತಾನ."

ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಅವಳ ಬಾಜು ಕೂತೆ. ಹುಬ್ಬಳ್ಳಿಯ ಮುಂದಿನ ಬಸ್ಸು ಬಂದಾಗ ಇಬ್ಬರೂ ರಸ್ತೆ ನೋಡಿದೆವು.