ಕಾಣದ ಖಾನೆಯಲ್ಲಿ ಮೆಹರಬಾನು

ಸಿಂಧನೂರಿನಲ್ಲಿ ಮೋಟಾರು ವೈಂಡಿಂಗ್ ಮಾಡುವ ದಾವಲ್‌ಸಾಬ್ ಮಗಳನ್ನು ಕೆಲಸಕ್ಕೆ ಕಳಿಸಿದ್ದು ಒಂದೇ ಷರತ್ತಿನ ಮೇಲೆ. "ನಿನ್ನ ಹೆಸರಿನ ಮ್ಯಾಲೆ ಒಂದು ಮಾತು ಬಂತಂದ್ರ ಅವತ್ತೇ ನೌಕ್ರಿ ಬಂದ್, ನೋಡು ಬೇಟಿ." ಮೆಹರಬಾನು ತಲೆಯಾಡಿಸಿದ್ದಳು. ಹೊಸ್ತಿಲು ದಾಟಲು ಸಿಕ್ಕಿದ ದಾರಿ ಅದೊಂದೇ. ಅದೂ ತಪ್ಪಿದರೆ ಅಡುಗೆಮನೆ, ಆಮೇಲೆ ಯಾರದೋ ಮನೆಯ ಅಡುಗೆಮನೆ.

ಕೆಲಸವೆಂದರೆ ಬಸ್‌ಸ್ಟ್ಯಾಂಡಿನ ಹಿಂದೆ ಗ್ಯಾನಪ್ಪನ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವುದು. ತೊಂಬತ್ತೊಂಬತ್ತನೇ ಇಸವಿ. ಇಂಟರ್ನೆಟ್ಟಿಗೆ ಫೋನ್ ಬಿಲ್ ಯಾರಪ್ಪ ಕಟ್ಟಬೇಕು? ಇದ್ದ ಕಂಪ್ಯೂಟರುಗಳನ್ನೇ ವೈರಿನಿಂದ ಜೋಡಿಸಿ ಅದರಲ್ಲೇ ವೆಬ್ ಪುಟ ಮಾಡುವುದನ್ನು ಕಲಿಸುತ್ತಿದ್ದರು. ಪರೀಕ್ಷೆಯ ಅಂಕ ಹಾಕಲು ಮೆಹರಬಾನು ತಾನೇ ಒಂದು ಪುಟ ಬರೆದಳು. ವಿದ್ಯಾರ್ಥಿಯ ಹೆಸರು, ಅಂಕ, ಕೆಳಗೊಂದು ಬಟನ್. ಇವಲ್ಲದೆ ತೆರೆಯ ಮೇಲೆ ಕಾಣದ ಇನ್ನೊಂದು ಖಾನೆಯೂ ಅದರಲ್ಲಿತ್ತು. ಬಟನ್ ಒತ್ತಿದರೆ ಕಂಡದ್ದರ ಜೊತೆ ಕಾಣದ್ದೂ ಹೋಗಿ ಅಂಕಪಟ್ಟಿಯಲ್ಲಿ ಕೂರುತ್ತಿತ್ತು. ಅಂಕ ಹಾಕಿದವರ ಹೆಸರನ್ನು ಪ್ರತಿಸಲ ಹೊಡೆಯುವುದು ಬೇಸರವೆಂದು ಆ ಖಾನೆಯಲ್ಲಿ ತನ್ನ ಹೆಸರನ್ನೇ ಖಾಯಂ ಬರೆದುಬಿಟ್ಟಳು. ಪಾಠ ಹೇಳುವವಳು ತಾನೊಬ್ಬಳೇ, ಬೇರೆ ಯಾರು ಅಂಕ ಹಾಕುತ್ತಾರೆ ಎಂದುಕೊಂಡಳು ಹುಚ್ಚು ಹುಡುಗಿ!

ಹಾಕಿದವನು ಗ್ಯಾನಪ್ಪ. ತುರ್ವಿಹಾಳದಿಂದ ದಿನಾ ಬಸ್ಸಿಗೆ ಬಂದು ಕಲಿತ ಹುಲಿಗೆಮ್ಮ ಮುಂದಿನ ಕೋರ್ಸಿಗೆ ಸೇರುವುದಿಲ್ಲ ಎಂದಳು. ಬರುವ ಫೀಸು ಹೋಯಿತೆಂದು ಗ್ಯಾನಪ್ಪನಿಗೆ ಮೈಯೆಲ್ಲ ಉರಿಯಿತು. ಮೆಹರಬಾನು ಊಟಕ್ಕೆ ಹೋದಾಗ ಅವಳ ಕುರ್ಚಿಯಲ್ಲಿ ಕೂತು ಹುಲಿಗೆಮ್ಮನನ್ನು ಫೇಲ್ ಮಾಡಿದ. ಪ್ರಿಂಟ್ ಬಂತು. ಕೆಳಗೆ, ಅಂಕ ಹಾಕಿದವರು: ಮೆಹರಬಾನು.

ಮರುದಿನ ಹುಲಿಗೆಮ್ಮನ ತಾಯಿ ಯಮನೂರಮ್ಮ ನೇರವಾಗಿ ದಾವಲ್‌ಸಾಬನ ಅಂಗಡಿ ಮುಂದೆ ಬಂದು ನಿಂತಳು. "ನನ್ನ ಮಗಳು ಏನ್ ಮಾಡಿದ್ಲೋ ನಿನ್ನ ಮಗಳಿಗೆ? ಬಂಗಾರದಂಥಾ ಹುಡುಗೀನ ಹಾಳ ಮಾಡ್ಯಾಳ! ಆಕಿ ಕೈ ಸೇದಿ ಹೋಗ್ಲಿ!" ಓಣಿಗೆ ಓಣಿಯೇ ನೆರೆಯಿತು. ದಾವಲ್‌ಸಾಬ್ ಅಂಗಡಿಯ ಬಾಗಿಲೆಳೆದು ಮನೆಗೆ ನಡೆದ.

ಮನೆಯಲ್ಲಿ ಮೆಹರಬಾನು ಅತ್ತಳು. "ಅಬ್ಬಾ, ನಾ ಹಾಕಿಲ್ಲ. ಬರ್ರಿ, ತೋರಸ್ತೀನಿ." ಅಪ್ಪನನ್ನು ಕರೆದುಕೊಂಡು ಹೋಗಿ ಗ್ಯಾನಪ್ಪನ ಎದುರೇ ಪುಟ ತೆರೆದಳು. ಆಮೇಲೆ ಅದರ ಬೆನ್ನ ಹಿಂದಿನ ಬರಹವನ್ನೂ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಇದು ಹೊರಗ ಕಾಣಂಗಿಲ್ಲ. ಯಾರು ಅಂಕ ಹಾಕಿದ್ರೂ ಇದ ಹೋಗ್ತೈತಿ."

"ಏನಂತ ಐತಿ ಅದರಾಗ?" ದಾವಲ್‌ಸಾಬ್ ಕೇಳಿದ.

"ಮೆಹರಬಾನು ಅಂತ."

"ಬರದವರ್ಯಾರು?"

ತಾನು ನಿರಪರಾಧಿ ಎಂದು ತೋರಿಸಲು ಇದ್ದ ಒಂದೇ ಸಾಲು ಅದು. ಆದರೆ ಅಪ್ಪನ ಮುಂದೆ ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

"ನಾನ, ಅಬ್ಬಾ."

ದಾವಲ್‌ಸಾಬ್ ಮಗಳ ಮುಖವನ್ನೇ ನೋಡಿದ. "ನೀನ ಬರದು, ನಾ ಅಲ್ಲ ಅಂತೀಯಲ್ಲಬೇ!"

ಆಗ ಗ್ಯಾನಪ್ಪ ಬೆಣ್ಣೆಯಂತೆ ಮಾತಾಡಿದ. "ಹೋಗ್ಲಿ ಬಿಡ್ರಿ ದಾವಲ್‌ಸಾಬ್‌ರ, ಸಣ್ಣ ಹುಡುಗಿ, ಕೈ ತಪ್ಪೈತಿ. ಯಮನೂರಮ್ಮಗ ನಾ ಹೇಳ್ತೀನಿ. ನಿಮ್ಮ ಮಗಳನ್ನ ಬಿಡಸಾಂಗಿಲ್ಲ." ದಾವಲ್‌ಸಾಬನ ಕಣ್ಣಲ್ಲಿ ನೀರು ಬಂತು. ಎರಡೂ ಕೈಯಲ್ಲಿ ಅವನ ಕೈ ಹಿಡಿದು, "ನಮ್ಮ ಮಾನ ಉಳಿಸಿದ್ರಿ. ಇನ್ನ ಆಕಿ ನಿಮ್ಮ ಮಾತು ಮೀರಂಗಿಲ್ಲ" ಎಂದ. ಮಗಳಿಗೂ ಅದನ್ನೇ ಹೇಳಿ ಮೆಟ್ಟಿಲಿಳಿದು ಹೋದ.

ಮೆಹರಬಾನು ಕಣ್ಣೊರೆಸಿಕೊಂಡು, "ಸಾರ್, ಆ ಸಾಲು ತೆಗೀತೀನಿ" ಎಂದಳು.

"ಯಾಕ ತಂಗಿ? ಭಾರೀ ಚಲೋ ಐತಿ ಅದು, ಇರ್ಲಿ. ಇನ್ನ ನೀ ಏನಂದ್ರೂ ನಿಮ್ಮಪ್ಪ ನಂಬಂಗಿಲ್ಲಲ್ಲ."

ಅವನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಇನ್ನೂ ಇಬ್ಬರ ಅಂಕ ಹಾಕುವುದು ಬಾಕಿಯಿತ್ತು. ಮೆಹರಬಾನು ಕೀಬೋರ್ಡನ್ನು ಅವನ ಕಡೆಗೆ ಸರಿಸಿದಳು.