ಗದ್ದದ ಕೆಳಗಿನ ಬಿಸಿಲು

ನಮ್ಮ ಚಿಕ್ಕಮ್ಮ ರಸ್ತೆಗೆ ಬಿಳಿ ಪಟ್ಟೆ ಬಳಿಯುವವಳು. ಬಣ್ಣದ ಯಂತ್ರ ತಳ್ಳಿಕೊಂಡು ಹೊರಟಳೆಂದರೆ ಗೆರೆ ಕೂದಲೆಳೆಯಷ್ಟೂ ವಾಲುವುದಿಲ್ಲ. ಅಂಥವಳಿಗೆ ಬಿಸಿಲೇ ಆಗದ ಚರ್ಮರೋಗ ಗಂಟುಬಿತ್ತು. ಮುಖದ ತುಂಬ ಕೆಂಪು ದದ್ದು. ಇನ್ನೊಮ್ಮೆ ದದ್ದು ಎದ್ದರೆ ಗೋದಾಮಿನಲ್ಲಿ ಬಣ್ಣದ ಡಬ್ಬಿ ಜೋಡಿಸಲು ಹಾಕುತ್ತೇನೆ ಎಂದು ಮೇಸ್ತ್ರಿ ಖಡಾಖಂಡಿತವಾಗಿ ಹೇಳಿಬಿಟ್ಟ. ರಸ್ತೆ ಬಿಟ್ಟು ಚಿಕ್ಕಮ್ಮ ಬದುಕುವುದನ್ನು ನನಗೆ ಊಹಿಸಲೂ ಆಗಲಿಲ್ಲ.

ಚರ್ಮದ ಡಾಕ್ಟರಮ್ಮ ಸನ್‌ಸ್ಕ್ರೀನ್ ಬರೆದುಕೊಟ್ಟರು. ಅದರೊಳಗಿನ ರಾಸಾಯನಿಕ ಅತಿನೇರಳೆ ಕಿರಣವನ್ನು ಹೀರಿಕೊಂಡು ಚರ್ಮವನ್ನು ಕಾಯುತ್ತದಂತೆ. ಚಿಕ್ಕಮ್ಮ ಹಣೆ, ಮೂಗು, ಕೆನ್ನೆಗೆ ದಪ್ಪಗೆ ಮೆತ್ತಿ, ಬೆವರಿದಾಗಲೆಲ್ಲ ಮತ್ತೆ ಹಚ್ಚಿದಳು. ಆದರೂ ವಾರದೊಳಗೆ ಗದ್ದದ ಕೆಳಗೆ, ಕತ್ತಿನವರೆಗೂ ದದ್ದು.

ಅಮ್ಮನಿಗೆ ಅಷ್ಟೇ ಬೇಕಿತ್ತು. ಆ ಕೆಮಿಕಲ್ಲು ರಕ್ತಕ್ಕೆ ಇಳಿಯುತ್ತದೆಂದು ಎಲ್ಲೋ ಕೇಳಿಕೊಂಡು ಬಂದಿದ್ದವಳು ಟ್ಯೂಬನ್ನು ಕಸದ ಬುಟ್ಟಿಗೆ ಎಸೆದಳು. ತಂಗಿಯ ಮೇಲಿನ ಅವಳ ಪ್ರೀತಿ ಬಾಯಿಂದ ಹೊರಬರುವಷ್ಟರಲ್ಲಿ ಬೈಗುಳವಾಗಿರುತ್ತದೆ. ಚಿಕ್ಕಮ್ಮ ಟ್ಯೂಬ್ ಎತ್ತಿ ಒರೆಸಿಕೊಂಡು, ಅಕ್ಕನನ್ನೂ ಎಳೆದುಕೊಂಡು ಡಾಕ್ಟರಮ್ಮನ ಬಳಿ ಹೋದಳು. ನಾನೂ ಬಾಲದ ಹಾಗೆ ಹಿಂದೆ ಹೋದೆ.

ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. ಕೆಲವು ರಾಸಾಯನಿಕಗಳು ಸ್ವಲ್ಪ ಮಟ್ಟಿಗೆ ರಕ್ತ ಸೇರುವುದು ನಿಜ, ಅದರಿಂದ ಕೇಡೆಂದು ಸಾಬೀತಾಗಿಲ್ಲ, ಪರೀಕ್ಷೆಗಳು ಇನ್ನೂ ನಡೆಯುತ್ತಿವೆ, ಆದರೆ ಇವಳಿಗೆ ಬಿಸಿಲು ಮಾಡುವ ಕೇಡು ಕಣ್ಣೆದುರೇ ಇದೆ ಎಂದರು. ಕ್ರೀಮೇ ಒಗ್ಗದಿದ್ದರೆ ಎಂಬ ಅನುಮಾನಕ್ಕೆ, ಬಿಸಿಲು ತಾಗದ ತೋಳಿನ ಒಳಭಾಗಕ್ಕೆ ಕೆಲವು ದಿನ ಹಚ್ಚಿ ನೋಡಲು ಹೇಳಿದರು. ತೋಳಿಗೆ ಏನೂ ಆಗಲಿಲ್ಲ.

"ಹಾಗಾದ್ರೆ ಗದ್ದದ ಕೆಳಗೆ ಬಿಸಿಲು ಎಲ್ಲಿಂದ ಬರುತ್ತೆ?" ಅಮ್ಮ ಸೋಲೊಪ್ಪಲಿಲ್ಲ.

ಉತ್ತರ ಸಿಕ್ಕಿದ್ದು ರಸ್ತೆಯಲ್ಲೇ. ಹಸಿ ಪಟ್ಟೆಯ ಮೇಲೆ ಬಗ್ಗಿದಾಗ ಬೆಳಕು ಚಿಕ್ಕಮ್ಮನ ಕಣ್ಣಿಗೆ ಚುಚ್ಚಿತು. ಅವಳೇ ಬಳಿದ ಬಿಳಿ ಬಣ್ಣ ಬಿಸಿಲನ್ನು ಕೆಳಗಿನಿಂದ ಮುಖಕ್ಕೆ ಎಸೆಯುತ್ತಿತ್ತು. ಇವಳೋ ಮೇಲಿನ ಬಿಸಿಲಿಗೆ ಮಾತ್ರ ಹಚ್ಚಿಕೊಂಡಿದ್ದಳು. ಅಂದಿನಿಂದ ಗದ್ದದಡಿ, ಕತ್ತು, ಕಿವಿಯ ಹಿಂದೆ, ಒಂದನ್ನೂ ಬಿಡಲಿಲ್ಲ. ಮೇಲೊಂದು ಬಟ್ಟೆಯನ್ನೂ ಸುತ್ತಿಕೊಂಡಳು.

ಹಳೆಯ ದದ್ದು ಮಾಯುವ ಮೊದಲೇ ಮೇಸ್ತ್ರಿ ಅವಳನ್ನು ಗೋದಾಮಿಗೆ ಕಳಿಸಲು ಬಂದ. ಚಿಕ್ಕಮ್ಮ ಯಂತ್ರದ ಹಿಡಿ ಬಿಡಲಿಲ್ಲ.

"ಇದು ಒಣಗ್ತಾ ಇದೆ. ಹೊಸದು ಎದ್ರೆ ನಾನೇ ಡಬ್ಬಿ ಜೋಡಿಸೋಕೆ ಹೋಗ್ತೀನಿ. ಅಲ್ಲೀವರೆಗೂ ದಾರಿ ಬಿಡಿ."

ಹೊಸದು ಏಳಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಮೇಸ್ತ್ರಿಯೂ ಗೋದಾಮಿನ ಮಾತು ಬಿಟ್ಟ.

ಅಮ್ಮನ ಅನುಮಾನ ಮಾತ್ರ ಪೂರ್ತಿ ಹೋಗಿಲ್ಲ. ಆದರೂ ದಿನಾ ಬೆಳಿಗ್ಗೆ ಬಾಗಿಲಿಗೆ ಅಡ್ಡ ನಿಂತು, ಟ್ಯೂಬ್ ಕಿತ್ತುಕೊಂಡು, "ಕತ್ತು ಎತ್ತೇ, ನಿನಗೆ ಕೆಳಗೆ ಕಾಣಲ್ಲ" ಎಂದು ಗದರಿ, ತಂಗಿಯ ಗದ್ದದಡಿಗೆ ತಾನೇ ಹಚ್ಚುತ್ತಾಳೆ.